ಅಂಚು ಕತ್ತರಿಸದ ಬೈಂಡಿಂಗ್ ಕಾಕಾ

ಪುಣೆಯಲ್ಲಿ ಮನೆಯಲ್ಲಿ ಹಳೇ ಕೈಬರಹದ ನೋಟ್‌ಬುಕ್ ಇಟ್ಟುಕೊಂಡು, ಇದನ್ನು ಯಾರ ಕೈಗೆ ಕೊಡುವುದು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪಾ ಬಳವಂತ ಚೌಕದಿಂದ ತಾಂಬಡಿ ಜೋಗೇಶ್ವರಿ ಗುಡಿ ಕಡೆ ಹೋಗುವ ಓಣಿಯೊಂದರಲ್ಲಿ, ಹಳೇ ವಾಡೆಯ ಮೆಟ್ಟಿಲ ಕೆಳಗೆ, ಒಂದು ಸಣ್ಣ ಅಂಗಡಿ ಇದೆ. ಬೋರ್ಡಿನ ಮೇಲೆ ಮರಾಠಿಯಲ್ಲಿ 'ಬುಕ್ ಬೈಂಡಿಂಗ್' ಅಂತ ಎರಡೇ ಪದ. ಅಂಗಡಿಗೆ ಬೇರೆ ಹೆಸರಿಲ್ಲ. ಒಳಗೆ ಕೂತಿರುವವರು ಅಕ್ಕಲಕೋಟ ತಾಲೂಕಿನ ಹಿರಿಯರು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲೇ ಓದಿದವರು. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನನ್ನ ಕೆಲಸ ಇಷ್ಟು. ಅಪ್ಪ ಬರೆದ ಐದು ಲಾಂಗ್ ನೋಟ್‌ಬುಕ್‌ಗಳನ್ನು ಸೇರಿಸಿ ಒಂದು ಗಟ್ಟಿ ಪುಸ್ತಕ ಮಾಡಿಸಬೇಕಿತ್ತು.

ಅಪ್ಪ ಖಡಕಿಯ ಅಮ್ಯುನಿಶನ್ ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದರು. ಯೂನಿಯನ್ ಕೆಲಸದಲ್ಲಿ ಮುಂದು. ಇಂಗ್ಲಿಷ್ ಪುಸ್ತಕ ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿ, ತಿಳಿದದ್ದನ್ನು ಕನ್ನಡದಲ್ಲಿ ಬರೆದಿಡುತ್ತಿದ್ದರು. ಭಾನುವಾರ ನಮ್ಮ ಕ್ವಾರ್ಟರ್ಸಿನ ಹೊರಗೆ ನಾಲ್ಕೈದು ಜನ ಕನ್ನಡದ ಕೆಲಸಗಾರರು ಕೂತು ಅದನ್ನು ಕೇಳುತ್ತಿದ್ದರು. ಈ ಐದು ನೋಟ್‌ಬುಕ್ ತುಂಬಾ ಇರುವುದು ಒಬ್ಬನೇ ಮನುಷ್ಯ: ಫ್ರಾನ್ಸಿನ ಸಮಾಜವಾದಿ ನಾಯಕ ಲಿಯೋನ್ ಬ್ಲುಮ್. ಯಾಕೆ ಅವನೇ ಅಂತ ಒಮ್ಮೆ ಕೇಳಿದ್ದೆ. 'ಪಗಾರದ ಸಮೇತ ರಜೆ ಸುಮ್ನೆ ಬಂದದ್ದಲ್ಲ ಮಗಳೇ, ಯಾರು ಹೇಗೆ ತಂದರು ಅಂತ ನಮ್ಮವರಿಗೆ ಗೊತ್ತಿರಲಿ' ಅಂದಿದ್ದರು.

ಕಾಕಾ ಹತ್ತಿರ ಹೋಗುವ ಮೊದಲು ನಾನು ಒಂದು ತಪ್ಪು ಮಾಡಿದೆ. ಮನೆ ಹತ್ತಿರದ ಒಂದು ಝೆರಾಕ್ಸ್ ಅಂಗಡಿಗೆ ಮೊದಲನೇ ನೋಟ್‌ಬುಕ್ ಕೊಟ್ಟೆ. ಅರ್ಧ ಗಂಟೆಯಲ್ಲಿ ಕೊಟ್ಟರು. ಮೂರೂ ಕಡೆ ಮಷಿನ್ನಿನಲ್ಲಿ ಕತ್ತರಿಸಿ, ನೀಟಾಗಿ, ಪ್ಲಾಸ್ಟಿಕ್ ಕವರ್ ಹಾಕಿ. ಅಪ್ಪನಿಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ತಮ್ಮ ಮಾತು ಬರೆಯುವ ಅಭ್ಯಾಸ. ಆ ಮಾತೆಲ್ಲ ಅರ್ಧರ್ಧ ಹೋಗಿದೆ. 'ಇವನು ನಮ್ಮ' ಅಂತ ಇದೆ, ಮುಂದಿನದು ಇಲ್ಲ. ಹಾಗಾಗಿ ಬ್ಲುಮ್ ಪ್ಯಾರಿಸ್‌ನ ರಿಬ್ಬನ್ ವ್ಯಾಪಾರಿಯ ಮಗನಾಗಿ 1872ರಲ್ಲಿ ಹುಟ್ಟಿದ್ದು, ನಾಟಕ ವಿಮರ್ಶೆ ಬರೆದದ್ದು, ಯಹೂದಿ ಸೇನಾಧಿಕಾರಿಯೊಬ್ಬನ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಡ್ರೇಫಸ್ ಪ್ರಕರಣದಲ್ಲಿ ನ್ಯಾಯದ ಕಡೆ ನಿಂತದ್ದು, ಝಾನ್ ಝೋರೆಸ್ ಎಂಬ ದೊಡ್ಡ ನಾಯಕನ ಶಿಷ್ಯನಾದದ್ದು, 1914ರ ಜುಲೈ 31ರಂದು ಆ ಝೋರೆಸ್‌ನನ್ನು ಹೋಟೆಲಿನಲ್ಲಿ ಗುಂಡಿಟ್ಟು ಕೊಂದದ್ದು, ಇಷ್ಟರ ಬಗ್ಗೆ ಅಪ್ಪನಿಗೆ ಏನನ್ನಿಸಿತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ನನಗೆ ಊಟ ಸೇರಲಿಲ್ಲ.

ಕಾಕಾ ಅಂಗಡಿಗೆ ಹೋದಾಗ ಮೊದಲು ಹೇಳಿದ್ದೇ ಇದನ್ನು. ಅವರು ಕತ್ತರಿಸಿದ ನೋಟ್‌ಬುಕ್ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಎರಡನೆಯದು ತೆರೆದು, ದೀಪದ ಕೆಳಗೆ ಹಿಡಿದು, ಅಂಚಿನ ಬರಹ ಓದಿದರು. ಬಾಯಿಬಿಟ್ಟು ಓದಿದರು. ಆಗಲೇ ನನಗೆ ಅವರಿಗೆ ಕನ್ನಡ ಬರುತ್ತದೆ ಅಂತ ಗೊತ್ತಾದದ್ದು.

'ಅಕ್ಕಾರ, ಇದಕ್ಕ ಕಟಿಂಗ್ ಹಚ್ಚೂದ ಬ್ಯಾಡ್ರಿ. ಅಂಚು ಒಂದಕ್ಕೊಂದು ಕೂಡದಿದ್ರೂ ನಡೀತದ. ನೋಡಾಕ ಛಲೋ ಇರಂಗಿಲ್ಲ, ಆದ್ರ ಅಕ್ಷರ ಉಳೀತಾವ.'

ಈ ಒಂದು ಮಾತಿಗೇ ನಾನು ಪೂರ್ತಿ ಕೆಲಸ ಅವರಿಗೆ ಒಪ್ಪಿಸಿದೆ.

ಎರಡನೇ ನೋಟ್‌ಬುಕ್ ಪಿನ್ ಸಮೇತ ಗಟ್ಟಿ ಇತ್ತು. ಅದರಲ್ಲಿರುವುದು 1920ರ ಡಿಸೆಂಬರ್. ಟೂರ್ ಅನ್ನುವ ಊರಿನಲ್ಲಿ ಪಕ್ಷದ ಸಮ್ಮೇಳನ. ಜಾಸ್ತಿ ಜನ ಮಾಸ್ಕೋದ ಕಡೆ ಹೋಗುತ್ತಾರೆ, ಕಮ್ಯುನಿಸ್ಟ್ ಪಕ್ಷ ಹುಟ್ಟುತ್ತದೆ. ಝೋರೆಸ್ ಕಟ್ಟಿದ ಪತ್ರಿಕೆಯೂ ಅವರ ಪಾಲಾಗುತ್ತದೆ. ಬ್ಲುಮ್ ಎದ್ದು ನಿಂತು, ನೀವು ಹೊರಗೆ ಹೋಗುತ್ತೀರಿ, ಹಳೇ ಮನೆಯನ್ನು ಯಾರಾದರೂ ಕಾಯಬೇಕಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ. ಆ ಸಾಲಿನ ಪಕ್ಕ ಅಪ್ಪ ಬರೆದಿದ್ದಾರೆ: 'ನಮ್ಮ ಯೂನಿಯನ್ ಒಡೆದಾಗ ನಾನೂ ಉಳಿದೆ.' ಅಷ್ಟೇ. ಯಾವ ವರ್ಷ, ಯಾರು ಹೋದರು, ಏನೂ ಇಲ್ಲ. ಅಮ್ಮನನ್ನು ಕೇಳಿದೆ. ಆ ತಿಂಗಳು ಅಪ್ಪ ಯಾರ ಹತ್ತಿರವೂ ಮಾತಾಡಲಿಲ್ಲ ಅಂದರು.

ಆಮೇಲಿನ ಎಂಟೊಂಬತ್ತು ವರ್ಷವನ್ನು ಅಪ್ಪ ಬೇಗ ಮುಗಿಸಿದ್ದಾರೆ. 1924ರಲ್ಲಿ ಎಡಪಕ್ಷಗಳ ಕೂಟ ಗೆದ್ದಾಗ ಬ್ಲುಮ್ ಪಕ್ಷ ಹೊರಗಿನಿಂದ ಬೆಂಬಲ ಕೊಟ್ಟಿತು, ಮಂತ್ರಿಗಿರಿ ತೆಗೆದುಕೊಳ್ಳಲಿಲ್ಲ. 1928ರಲ್ಲಿ ಪ್ಯಾರಿಸ್‌ನಲ್ಲಿ ಕಮ್ಯುನಿಸ್ಟ್ ಝಾಕ್ ಡ್ಯುಕ್ಲೋ ಎದುರು ಸೋತ. ಮರುವರ್ಷ ದಕ್ಷಿಣದ ದ್ರಾಕ್ಷಿ ಸೀಮೆಯ ನಾರ್ಬೊನ್‌ನಿಂದ ಗೆದ್ದು ಬಂದ. ಕೊನೇವರೆಗೆ ಅದೇ ಅವನ ಕ್ಷೇತ್ರವಾಯಿತು.

ತೊಂದರೆ ಇದ್ದದ್ದು ಮೂರು, ನಾಲ್ಕು, ಐದನೇ ನೋಟ್‌ಬುಕ್‌ಗಳಲ್ಲಿ. ಪಿನ್ ತುಕ್ಕು ಹಿಡಿದು ಹಾಳೆ ಬಿಡಿಬಿಡಿಯಾಗಿ, ಮೂರರದ್ದೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬೆರೆತು ಹೋಗಿತ್ತು. ಪುಟದ ನಂಬರ್ ಇಲ್ಲ. ಇಂಥ ನೋಟ್‌ಬುಕ್‌ನ ಹಾಳೆ ಗೊತ್ತಲ್ವಾ, ನಡುವೆ ಮಡಿಚಿರುತ್ತದೆ. ಒಂದು ಅರ್ಧ ಪುಸ್ತಕದ ಶುರುವಿನಲ್ಲಿ, ಇನ್ನೊಂದು ಅರ್ಧ ಕೊನೆಯಲ್ಲಿ. ಒಂದು ಹಾಳೆ ತಪ್ಪಿದರೆ ಎರಡು ಕಡೆ ಕಥೆ ತಪ್ಪುತ್ತದೆ. ನಾನು ಒಂದು ವಾರ ಕೂತು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಒಯ್ದಿದ್ದೆ.

ಒಂಬತ್ತನೇ ದಿನ ಕಾಕಾ ಫೋನ್ ಮಾಡಿದರು. 'ಅಕ್ಕಾರ, ಈ ಮನಷ್ಯಾಗ ಹೊಡದದ್ದು ಪ್ರಧಾನಿ ಆಗೂದಕ್ಕ ಮೊದಲೋ, ಆದ ಮ್ಯಾಲೋ?'

ನಾನು ಬೆಚ್ಚಿದೆ. ನನ್ನ ಜೋಡಣೆ ತಪ್ಪಿತ್ತು. ಅಪ್ಪ ಎಷ್ಟೋ ಕಡೆ ತಾರೀಖು ಬರೆದು ವರ್ಷ ಬಿಟ್ಟಿದ್ದಾರೆ. ಬ್ಲುಮ್ ಬಾಳಿನಲ್ಲಿ ಮೂರು ಫೆಬ್ರವರಿಗಳಿವೆ, ಮೂರೂ ದೊಡ್ಡವು. 1934ರ ಫೆಬ್ರವರಿ 6ಕ್ಕೆ ಬಲಪಂಥದ ಗುಂಪುಗಳು ಪಾರ್ಲಿಮೆಂಟ್ ಕಡೆ ನುಗ್ಗಿ ಪ್ಯಾರಿಸ್‌ನಲ್ಲಿ ಜನ ಸತ್ತರು. 12ಕ್ಕೆ ಅದಕ್ಕೆ ಎದುರಾಗಿ ದೇಶಕ್ಕೆ ದೇಶವೇ ಮುಷ್ಕರ. ಸಮಾಜವಾದಿಗಳ ಮೆರವಣಿಗೆ ಒಂದು ಕಡೆಯಿಂದ, ಕಮ್ಯುನಿಸ್ಟರದ್ದು ಇನ್ನೊಂದು ಕಡೆಯಿಂದ. ಎದುರೆದುರು ಬಂದವರು ಹೊಡೆದಾಡುತ್ತಾರೆ ಅಂದುಕೊಂಡರೆ, ಒಗ್ಗಟ್ಟು ಒಗ್ಗಟ್ಟು ಅಂತ ಕೂಗುತ್ತಾ ಒಂದಾಗಿಬಿಟ್ಟರು. ಪಾಪ್ಯುಲರ್ ಫ್ರಂಟ್ ಅನ್ನುವ ಎಡಪಕ್ಷಗಳ ಕೂಟ ಹುಟ್ಟಿದ್ದು ಅಲ್ಲಿಂದ. ಎರಡನೇ ಫೆಬ್ರವರಿ 1936ರದ್ದು. 13ನೇ ತಾರೀಖು ಬ್ಲುಮ್ ಕುಳಿತಿದ್ದ ಕಾರನ್ನು ಬಲಪಂಥದ ಗುಂಪೊಂದು ರಸ್ತೆಯಲ್ಲಿ ತಡೆದು, ಗಾಜು ಒಡೆದು, ಅವನನ್ನು ರಕ್ತ ಬರುವಂತೆ ಹೊಡೆಯಿತು. ಆಗ ಅವನಿಗೆ 63 ವರ್ಷ. ಹತ್ತಿರದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಗಾರೆಯವರು ಓಡಿಬಂದು ಉಳಿಸಿದರು. ಮೂರನೆಯದು 1937. ಮತ್ತೆ 13ನೇ ತಾರೀಖೇ. ಪ್ರಧಾನಿ ಬ್ಲುಮ್, ಸುಧಾರಣೆಗಳನ್ನು ಸ್ವಲ್ಪ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು ಅಂತ ಜನರಿಗೆ ಹೇಳಿದ.

ನಾನು ಎರಡು 13ನೇ ತಾರೀಖುಗಳನ್ನು ಅದಲುಬದಲು ಮಾಡಿದ್ದೆ. ಹೊಡೆತ ತಿಂದು ತಲೆಗೆ ಪಟ್ಟಿ ಕಟ್ಟಿಕೊಂಡದ್ದು ಅವನು ಪ್ರಧಾನಿಯಾದ ಮೇಲೆ ಅನ್ನುವಂತೆ ಆಗಿತ್ತು. ಕಾಕಾ ಹಾಳೆಯ ಇನ್ನೊಂದು ಅರ್ಧ ಓದಿ, ಅಲ್ಲಿ ಚುನಾವಣೆಯ ಮಾತು ಇನ್ನೂ ಬಂದಿಲ್ಲ ಅಂತ ಕಂಡು ಹಿಡಿದಿದ್ದರು. ಬೈಂಡಿಂಗ್ ಮಾಡುವವರು ಹಾಳೆ ಓದಿ ಜೋಡಿಸಿದ್ದು ನಾನು ಕೇಳಿದ್ದೂ ಇಲ್ಲ, ಕಂಡದ್ದೂ ಇಲ್ಲ.

ಹತ್ತು ದಿನ ಅಂದವರು ಇಪ್ಪತ್ನಾಲ್ಕು ದಿನ ತೆಗೆದುಕೊಂಡರು. ಅವಸರ ಇರುವವರು ಇದನ್ನು ಗಮನದಲ್ಲಿಡಿ. ನನಗೆ ಬೇಜಾರಾಗಲಿಲ್ಲ, ಯಾಕೆಂದರೆ ನಡುವೆ ಎರಡು ಸಲ ಹೋಗಿ ಕೂತು ನೋಡಿದೆ. ಬ್ಲೇಡಿನ ತುದಿಯಿಂದ ತುಕ್ಕು ಪಿನ್ ಬಿಡಿಸುತ್ತಾರೆ, ಎಳೆಯುವುದಿಲ್ಲ. ಮಡಿಕೆ ಹರಿದ ಕಡೆ ತೆಳು ಕಾಗದದ ಪಟ್ಟಿ. ಅಂಟು ಅವರೇ ಕಾಯಿಸುತ್ತಾರೆ: ಮೈದಾ, ನೀರು, ಹುಳು ಬೀಳದ ಹಾಗೆ ಚಿಟಿಕೆ ಮೈಲುತುತ್ತ. ತೆಳ್ಳಗೆ ಸವರಿ, ಮೇಲೊಂದು ಸಾದಾ ಕಾಗದ ಇಟ್ಟು ಅಂಗೈಯಿಂದ ಒತ್ತುತ್ತಾರೆ. ಹಾಳೆ ಸುಕ್ಕಾಗುವುದಿಲ್ಲ. ಆಮೇಲೆ ಒಂದೊಂದು ನೋಟ್‌ಬುಕ್ಕನ್ನೂ ಒಂದೊಂದು ಕಟ್ಟು ಮಾಡಿ, ಮಡಿಕೆಯ ನಡುವಿನಿಂದ ಸೂಜಿ ತೂರಿಸಿ, ದಪ್ಪ ದಾರಕ್ಕೆ ಮೇಣ ಹಚ್ಚಿ, ಬೆನ್ನಿನ ಮೂರು ಲಾಡಿಗಳ ಮೇಲೆ ಹೊಲಿಯುತ್ತಾರೆ. ಪಕ್ಕದಿಂದ ಮೊಳೆ ಹೊಡೆಯುವ ಬೈಂಡಿಂಗ್ ಇದಲ್ಲ. ಇದರ ಲಾಭ ಪುಸ್ತಕ ತೆರೆದಾಗ ಗೊತ್ತಾಗುತ್ತದೆ. ಚಪ್ಪಟೆಯಾಗಿ ಬೀಳುತ್ತದೆ, ಮಡಿಕೆಯ ಒಳಗಿನವರೆಗೂ ಕಾಣುತ್ತದೆ.

ನಾಲ್ಕನೇ ನೋಟ್‌ಬುಕ್ ಪೂರ್ತಿ 1936. ಅಪ್ಪನ ಕೈಬರಹ ಇಲ್ಲಿ ಓಡುತ್ತದೆ. ಮೇ 3ಕ್ಕೆ ಚುನಾವಣೆಯ ಎರಡನೇ ಸುತ್ತು, ಪಾಪ್ಯುಲರ್ ಫ್ರಂಟ್ ಗೆಲುವು. ಬ್ಲುಮ್ ಗದ್ದುಗೆ ಏರುವ ಮೊದಲೇ ಕಾರ್ಖಾನೆಗಳಲ್ಲಿ ಕೆಲಸಗಾರರು ಮಷಿನ್ ನಿಲ್ಲಿಸಿ ಒಳಗೇ ಕೂತುಬಿಟ್ಟರು. ಹೆಚ್ಚುಕಮ್ಮಿ 20 ಲಕ್ಷ ಜನ. ಒಳಗೇ ಮಲಗಿದರು, ಅಕಾರ್ಡಿಯನ್ ಬಾರಿಸಿ ಕುಣಿದರು. ಜೂನ್ 4ಕ್ಕೆ ಸರಕಾರ. ಜೂನ್ 7ರ ರಾತ್ರಿ ಮಾಟಿನ್ಯೋನ್ ಅನ್ನುವ ಪ್ರಧಾನಿ ಕಚೇರಿಯಲ್ಲಿ ಮಾಲಿಕರು ಮತ್ತು ಯೂನಿಯನ್ ಎದುರುಬದುರು ಕೂತು ಒಪ್ಪಂದ: ಪಗಾರ 7ರಿಂದ 15 ಪರ್ಸೆಂಟ್ ಜಾಸ್ತಿ, ಯೂನಿಯನ್ ಸೇರುವ ಹಕ್ಕು, ಕಾರ್ಖಾನೆಯಲ್ಲಿ ಕೆಲಸಗಾರರ ಪ್ರತಿನಿಧಿ. ಅದೇ ತಿಂಗಳು ಎರಡು ಕಾನೂನು. ವಾರಕ್ಕೆ 40 ಗಂಟೆ ಕೆಲಸ. ವರ್ಷಕ್ಕೆ 15 ದಿನ ಪಗಾರದ ಸಮೇತ ರಜೆ. ಪಕ್ಕದಲ್ಲಿ ಅಪ್ಪ, ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ ಲೆಕ್ಕ ಹಾಕಿದ್ದಾರೆ: '20 ದಿನ ದುಡಿದರೆ 1 ದಿನ.'

ಇನ್ನೂ ಇದೆ. ಹೆಂಗಸರಿಗೆ ಮತದ ಹಕ್ಕೇ ಇಲ್ಲದ ದೇಶದಲ್ಲಿ ಮೂವರು ಹೆಂಗಸರನ್ನು ಸರಕಾರಕ್ಕೆ ಸೇರಿಸಿಕೊಂಡ, ಒಬ್ಬರು ವಿಜ್ಞಾನಿ ಐರೀನ್ ಝೋಲಿಯೋ ಕ್ಯೂರಿ. ಶಾಲೆ ಬಿಡುವ ವಯಸ್ಸು 14ಕ್ಕೆ ಏರಿತು. ಯುದ್ಧದ ಸಾಮಾನು ಮಾಡುವ ಕಾರ್ಖಾನೆಗಳನ್ನು ಸರಕಾರ ತೆಗೆದುಕೊಳ್ಳುವ ಕಾನೂನು ಬಂತು. ಖಡಕಿಯ ಟರ್ನರ್ ಅದರ ಪಕ್ಕ ಬರೆದದ್ದು: 'ನಮ್ಮದು ಮೊದಲಿನಿಂದಲೂ ಸರಕಾರದ್ದೇ.'

ಕಾಕಾಗೆ ಹಿಡಿಸಿದ್ದು ರೈಲು ಟಿಕೆಟ್. ಲಿಯೋ ಲಾಗ್ರಾಂಝ್ ಅನ್ನುವ ಯುವಕ ಆ ಸರಕಾರದಲ್ಲಿ ಬಿಡುವು ಮತ್ತು ಆಟೋಟದ ಹೊಣೆ ಹೊತ್ತಿದ್ದ. ಕೈಯಲ್ಲಿ ರಜೆ ಇದ್ದರೇನು, ಊರಿಗೆ ಹೋಗಲು ದುಡ್ಡು ಬೇಡವೇ? ಅವನು ಕೆಲಸಗಾರರಿಗೆ ರಜೆಯ ಟಿಕೆಟ್ಟಿನಲ್ಲಿ 40 ಪರ್ಸೆಂಟ್ ಸೋಡಿ ಕೊಡಿಸಿದ. ಆ ಬೇಸಿಗೆ ಎಷ್ಟೋ ಮಂದಿ ಬಾಳಿನಲ್ಲಿ ಮೊದಲ ಸಲ ಸಮುದ್ರ ಕಂಡರು. 'ಇದು ಖರೇ ಬುದ್ಧಿವಂತರ ಕೆಲಸ' ಅಂದರು ಕಾಕಾ, ಸೂಜಿ ಕೆಳಗಿಟ್ಟು.

ಆ ಹಾಳೆಯ ಮಡಿಕೆಯೊಳಗೆ, ಪಿನ್ ಬಿಚ್ಚುವವರೆಗೆ ಯಾರಿಗೂ ಕಾಣದ ಜಾಗದಲ್ಲಿ, ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: 'ಮೇ 8ರಿಂದ. ಮೀರಜ್‌ನಲ್ಲಿ ಗಾಡಿ ಬದಲು. ಅವ್ವನಿಗೆ ಕನ್ನಡಕ.' ಅದು ನಮ್ಮ ಧಾರವಾಡದ ಪ್ರವಾಸ. ಮೀರಜ್‌ನಲ್ಲಿ ದೊಡ್ಡ ಗಾಡಿ ಇಳಿದು ಸಣ್ಣ ಗೇಜಿನ ಗಾಡಿ ಹತ್ತುತ್ತಿದ್ದೆವು. ಟ್ರಂಕಿನ ಒಂದು ಕಡೆ ಅಪ್ಪ, ಇನ್ನೊಂದು ಕಡೆ ನಾನು. ಅಜ್ಜಿಯ ಕನ್ನಡಕ ಅಪ್ಪನ ಅಂಗಿ ಜೇಬಿನಲ್ಲಿ ಬರುತ್ತಿತ್ತು, ಮುರಿಯಬಾರದು ಅಂತ.

ಅಪ್ಪ ಬ್ಲುಮ್‌ನನ್ನು ಬರೀ ಹೊಗಳಿಲ್ಲ. ಅದೇ 1936ರ ಜುಲೈ 30ಕ್ಕೆ, ಫ್ರೆಂಚರ ಕೈಯಲ್ಲಿದ್ದ ನಮ್ಮ ಪಾಂಡಿಚೇರಿಯಲ್ಲಿ, ಮುಷ್ಕರ ಮಾಡಿದ ಬಟ್ಟೆ ಗಿರಣಿಯ ಕೆಲಸಗಾರರ ಮೇಲೆ ಗುಂಡು ಹಾರಿಸಿದರು. 12 ಜನ ಸತ್ತರು. ಮರುವರ್ಷ ಅಲ್ಲಿ 8 ಗಂಟೆ ಕೆಲಸದ ಕಾನೂನು ಬಂತು, ನಿಜ. ಆದರೆ ಅಪ್ಪ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದಾರೆ: 'ಆಗ ಪ್ಯಾರಿಸ್‌ನಲ್ಲಿ ಕೂತಿದ್ದವರು ಯಾರು?' ನನಗೂ ಇದಕ್ಕೆ ಸಮಾಧಾನ ಸಿಕ್ಕಿಲ್ಲ. ಸ್ಪೇನಿನದ್ದೂ ಹಾಗೇ. ಅದೇ ಜುಲೈನಲ್ಲಿ ಸೇನಾಪತಿ ಫ್ರಾಂಕೋ ದಂಗೆ ಎದ್ದಾಗ ಅಲ್ಲಿನ ಸರಕಾರ ಆಯುಧ ಕೇಳಿತು. ಬ್ಲುಮ್ ಮೊದಲು ಕೊಡೋಣ ಅಂದ. ಬ್ರಿಟನ್ ಒಪ್ಪಲಿಲ್ಲ, ಸ್ವಂತ ಸಂಪುಟವೇ ಎರಡಾಯಿತು, ಕೊನೆಗೆ ಯಾರೂ ಕೈ ಹಾಕಬಾರದು ಅನ್ನುವ ಒಪ್ಪಂದಕ್ಕೆ ಇಳಿದ. ಹಿಟ್ಲರ್, ಮುಸೊಲಿನಿ ಮಾತ್ರ ಫ್ರಾಂಕೋಗೆ ಕೊಡುತ್ತಲೇ ಇದ್ದರು. ಅಪ್ಪ ಇಲ್ಲಿ ಎರಡು ಪುಟ ಬರೆದು ಎರಡನ್ನೂ ಹೊಡೆದು ಹಾಕಿದ್ದಾರೆ. ಕಾಕಾ ಆ ಪುಟಗಳನ್ನೂ ಹಾಗೇ ಹೊಲಿದಿದ್ದಾರೆ.

ಐದನೆಯದು ತೆಳು, ಓದುವುದೂ ಕಷ್ಟ. ಗೃಹಮಂತ್ರಿ ರೋಝೆ ಸಲಾಂಗ್ರೊ, ಯುದ್ಧದಿಂದ ಓಡಿಹೋದವನು ಅನ್ನುವ ಸುಳ್ಳು ಆರೋಪವನ್ನು ಪತ್ರಿಕೆಗಳು ವಾರಗಟ್ಟಲೆ ಬರೆದದ್ದಕ್ಕೆ ನೊಂದು 1936ರ ನವೆಂಬರ್‌ನಲ್ಲಿ ಪ್ರಾಣ ಬಿಟ್ಟ. ಹಣದ ಬೆಲೆ ಇಳಿಯಿತು, ಪೇಟೆಯಲ್ಲಿ ರೇಟು ಏರಿತು, ಹೆಚ್ಚಾದ ಪಗಾರ ಕರಗಿತು. 1937ರ ಜೂನ್‌ನಲ್ಲಿ, ಹಣಕಾಸಿನ ವಿಶೇಷ ಅಧಿಕಾರ ಕೇಳಿದಾಗ ಸೆನೆಟ್ ಇಲ್ಲ ಅಂತು. ಬ್ಲುಮ್ ಇಳಿದ. 1938ರ ಮಾರ್ಚಿನಲ್ಲಿ ಮತ್ತೆ ಪ್ರಧಾನಿಯಾಗಿ ಒಂದು ತಿಂಗಳೂ ಉಳಿಯಲಿಲ್ಲ. ಅಲ್ಲಿಗೆ ಅಪ್ಪನ ಬರಹ ನಿಂತಿದೆ. ಅದನ್ನು ಬರೆಯುತ್ತಿದ್ದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು, ಬಲಗೈ ಆಡದಾಯಿತು.

ಪುಸ್ತಕ ತರಲು ಹೋದ ದಿನ ಕಾಕಾ ಚಹಾ ತರಿಸಿದರು. 'ಮುಂದ ಏನಾತ್ರಿ ಅವರದು?' ಅಂದರು. ಹೇಳಿದೆ. 1940ರಲ್ಲಿ ಜರ್ಮನಿಯ ಎದುರು ಫ್ರಾನ್ಸ್ ಸೋತಾಗ ಮುದಿ ಸೇನಾಪತಿ ಪೆಟೈನ್ ಕೈಗೆ ಪೂರ್ತಿ ಅಧಿಕಾರ ಕೊಡಬೇಡಿ ಅಂತ ಮತ ಹಾಕಿದ 80 ಜನರಲ್ಲಿ ಅವನೂ ಒಬ್ಬ. ಜೈಲಿಗೆ ಹಾಕಿದರು. 1942ರಲ್ಲಿ ರಿಯೋಮ್ ಊರಿನಲ್ಲಿ, ನಿನ್ನ 40 ಗಂಟೆಯಿಂದ ದೇಶ ಸೋತಿತು ಅಂತ ವಿಚಾರಣೆ ನಡೆಸಿದರು. ಅವನು ಎಂಥ ಉತ್ತರ ಕೊಟ್ಟ ಅಂದರೆ ವಿಚಾರಣೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಯಹೂದಿ ಬೇರೆ. ಬುಖೆನ್‌ವಾಲ್ಡ್ ಅನ್ನುವ ನಾಜಿ ಸೆರೆ ಶಿಬಿರಕ್ಕೆ ಸಾಗಿಸಿದರು. ತಮ್ಮ ರೆನೆ ಆಶ್ವಿಟ್ಜ್ ಶಿಬಿರದಲ್ಲಿ ಸತ್ತ. ಇವನು ಬದುಕಿ ಬಂದ, 1950ರಲ್ಲಿ ತೀರಿಕೊಂಡ.

ಕಾಕಾ ಸುಮ್ಮನೆ ಕೇಳಿದರು. ಆಮೇಲೆ ಪುಸ್ತಕ ತಿರುಗಿಸಿ ಕೊನೆ ತೆರೆದು ತೋರಿಸಿದರು. ಐದನೇ ಕಟ್ಟಿನ ಹಿಂದೆ ಎಂಟು ಖಾಲಿ ಹಾಳೆ ಹೊಲಿದಿದ್ದರು. 'ಅರ್ಧಕ್ಕ ನಿಂತದ ಅಂತ ಓದಿದ ಮ್ಯಾಲೆ ಹಾಕೀನ್ರಿ. ಉಳದದ್ದು ನೀವ ಬರೀರಿ ಅಕ್ಕಾರ.' ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.

ಒಟ್ಟು ಆದದ್ದು 750 ರೂಪಾಯಿ. ಕಂದು ಬಟ್ಟೆಯ ಬೆನ್ನು, ಮೂಲೆಗೂ ಬಟ್ಟೆ, ದಪ್ಪ ರಟ್ಟು. ಹೊಲಿಗೆಗೆ ಹತ್ತಕ್ಕೆ ಹತ್ತು ಕೊಡುತ್ತೇನೆ. ಒಂದು ಕೊರತೆ ಇದೆ. ಬಂಗಾರದ ಅಕ್ಷರ ಒತ್ತಲು ಅವರ ಹತ್ತಿರ ಮರಾಠಿ, ಇಂಗ್ಲಿಷ್ ಅಚ್ಚು ಮಾತ್ರ ಇದೆ, ಕನ್ನಡ ಇಲ್ಲ. ಅಪ್ಪನ ನೋಟ್‌ಬುಕ್‌ನ ಹೊರಗಿದ್ದ ಲೇಬಲ್ಲನ್ನೇ ಬಿಡಿಸಿ ಬೆನ್ನಿಗೆ ಅಂಟಿಸಿ ಅಂದೆ. ಸ್ವಲ್ಪ ವಾರೆಯಾಗಿ ಕೂತಿದೆ.

ಹೋಗುವವರಿಗೆ: ಜೂನ್‌ನಲ್ಲಿ ಶಾಲೆಯ ಪುಸ್ತಕಗಳ ರಾಶಿ ಇರುತ್ತದೆ, ಆಗ ಬೇಡ. ಭಾನುವಾರ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊಟ, ನಿದ್ದೆ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಶನಿವಾರವಾಡೆಯ ಹತ್ತಿರ ಬಸ್ ಇಳಿದು ನಡೆಯಿರಿ. ಹಾಳೆಗಳಿಗೆ ನಂಬರ್ ಹಾಕಿಕೊಂಡು ಹೋಗಿ. ಅಂಚಿನಲ್ಲಿ ಬರಹ ಇದ್ದರೆ ಮೊದಲೇ ಹೇಳಿ, ಅವರೇ ನೋಡುತ್ತಾರೆ, ಆದರೂ ಹೇಳಿ.

ಆ ಎಂಟು ಹಾಳೆಗಳಲ್ಲಿ ನನ್ನದು ಮೂರು ತುಂಬಿವೆ. ರಿಯೋಮ್‌ಗೆ ಬಂದಿದ್ದೇನೆ. ಅಲ್ಲಿ ಬ್ಲುಮ್ ನ್ಯಾಯಾಧೀಶರ ಎದುರು ಆ ಬೇಸಿಗೆಯ ರಸ್ತೆಗಳ ಬಗ್ಗೆ ಹೇಳಿದ ಮಾತನ್ನು ಬರೆಯುತ್ತಿದ್ದೇನೆ: ಪ್ಯಾರಿಸ್‌ನ ಹೊರಗಿನ ದಾರಿಯಲ್ಲಿ, ಒಂದೇ ಥರದ ಸ್ವೆಟರ್ ಹಾಕಿಕೊಂಡು ಜೋಡಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಕೆಲಸಗಾರ ಗಂಡಹೆಂಡತಿಯರನ್ನು ಕಂಡದ್ದು. ಅಂಚಿಗೆ ಎರಡು ಬೆರಳಷ್ಟು ಜಾಗ ಬಿಟ್ಟು ಬರೆಯುತ್ತಿದ್ದೇನೆ.